ನಾಲ್ಕನೇ ಜ್ವರ

ಬೋರಣ್ಣನವರು ಕಂಪ್ಯೂಟರ್ ಮುಟ್ಟುವ ಮೊದಲು ಕಾಲು ತೊಳೆಯುತ್ತಿದ್ದರು. ಕೈ ತೊಳೆಯುವವರನ್ನು ನಾನು ನೋಡಿದ್ದೆ. ಆಯುಧಪೂಜೆಯ ದಿನ ಕೀಬೋರ್ಡಿಗೆ ಕುಂಕುಮ ಹಚ್ಚಿ, ಅದು ಸಂದಿಗೆ ಸೇರಿಕೊಂಡು ಆಮೇಲೆ ಪೇಚಾಡುವವರನ್ನೂ ನೋಡಿದ್ದೆ. ಆದರೆ ಕ್ಯಾಂಟೀನಿನ ಪಕ್ಕದ ನಲ್ಲಿಯ ತನಕ ನಡೆದುಹೋಗಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಬೆರಳ ಸಂದಿಯನ್ನೆಲ್ಲ ಉಜ್ಜಿ ತೊಳೆದು, ಗೋಣಿತಾಟಿನ ಮೇಲೆ ಒರೆಸಿಕೊಂಡು ಆಮೇಲೆ ಕಂಪ್ಯೂಟರಿನ ಮುಂದೆ ಕೂರುವ ಇನ್ನೊಬ್ಬ ಮನುಷ್ಯ ಇಡೀ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೇಳಿಯೇಬಿಟ್ಟೆ. "ಬೋರಣ್ಣ, ಕಂಪ್ಯೂಟರ್ ಏನು ದೇವರಾ?"

"ದೇವ್ರೂ ಇಲ್ಲ ದಿಂಡ್ರೂ ಇಲ್ಲ ಕಣವ್ವ. ಹುಳಿನ್ ಮನೆ ಅಭ್ಯಾಸ. ಕಾಲ್ ತೊಳೀದೆ ಒಳೀಕೆ ಹೋದ್ರೆ ನನ್ನೆಂಡ್ತಿ ಪೊರಕೆ ತಕ್ಕತಾಳೆ."

ಹುಳಿನ ಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ. ಬೋರಣ್ಣನವರದು ಹೊಂಗನೂರು. ಹೊರಗಿನ ಧೂಳು ಕಾಲಿಗಂಟಿ ಒಳಗೆ ಹೋದರೆ ಅದರ ಜೊತೆ ರೋಗವೂ ಹೋಗಿ ತಟ್ಟೆಗಟ್ಟಲೆ ಹುಳು ಸಾಯುತ್ತವೆಂದು ಅವರಿಗೆ ನಡೆಯಲು ಕಲಿತಾಗಿನಿಂದ ಹೇಳಿಕೊಟ್ಟಿದ್ದರು. ಫ್ಯಾಕ್ಟರಿಯಲ್ಲಿ ಅವರು ಎಲೆಕ್ಟ್ರಿಷಿಯನ್. ವಾರವೆಲ್ಲ ಕನಕಪುರದ ಅಕ್ಕನ ಮನೆಯಲ್ಲಿದ್ದು, ಶನಿವಾರ ಸಂಜೆ ರಾಮನಗರ, ಚನ್ನಪಟ್ಟಣ ಎಂದು ಬಸ್ಸು ಬದಲಿಸುತ್ತ ಊರು ಸೇರುತ್ತಿದ್ದರು. ಮೋಟರು, ಫ್ಯಾನು, ಜನರೇಟರು ನೋಡಿಕೊಳ್ಳುವುದು ಅವರ ಕೆಲಸ. ಕಂಪ್ಯೂಟರು ಅವರ ಹುಚ್ಚು.

ಆ ಹುಚ್ಚು ಹತ್ತಿದ್ದು ಆಫೀಸಿನವರು ಗುಜರಿಗೆ ಹಾಕಹೊರಟ ಒಂದು ಹಳೆಯ ಪೆಟ್ಟಿಗೆಯಿಂದ. ಕೇಳಿ ಇಸಕೊಂಡು, ಹಾಸಿಗೆ ಹೊದಿಕೆಯಲ್ಲಿ ಗಂಟು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಸಾಗಿಸಿದ್ದರು. ಕಂಡಕ್ಟರು "ಏನ್ ಗೌಡ್ರೆ, ಟಿವಿಯಾ?" ಎಂದನಂತೆ. "ಟಿವಿಗೆ ಬುದ್ಧಿ ಬಂದ್ರೆ ಹಿಂಗಾಯ್ತದೆ ಕಣಪ್ಪ" ಎಂದರಂತೆ ಇವರು. ಒಂದು ಬೆಳೆ ಗೂಡು ಕಟ್ಟಿ ಮಾರುಕಟ್ಟೆಗೆ ಹೋಗಿ, ಇನ್ನೊಂದು ಬೆಳೆಯ ಮರಿ ಬರುವ ತನಕ ಹುಳಿನ ಮನೆ ತೊಳೆದು ಖಾಲಿ ಬಿಟ್ಟಿರುತ್ತಾರಲ್ಲ, ಆ ದಿನಗಳಲ್ಲಿ ಅದೇ ಅವರ ಪ್ರಯೋಗಶಾಲೆ. ಆ ಮುದಿ ಪೆಟ್ಟಿಗೆಗೆ ಆಗ ತಾನೇ ಬಂದ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂಬುದು ಅವರ ಆಸೆ. ಸಿಡಿ ಹಾಕಿದೊಡನೆ ಅದು, ನಿಮ್ಮ ಯಂತ್ರಕ್ಕೆ ಇದು ಆಗುವುದಿಲ್ಲ, ಮೆಮೊರಿ ಸಾಲದು ಎಂದು ಹೇಳಿ ನಿಂತುಬಿಡುತ್ತಿತ್ತು.

"ಆಗಕ್ಕಿಲ್ಲ ಅಂತ ಬರ್ದೋರು ನಮ್ಮನೆ ಪೆಟ್ಗೆ ನೋಡವ್ರಾ?" ಎಂದು ಬೋರಣ್ಣ ಕೇಳುತ್ತಿದ್ದರು. ಮೂರು ಬೆಳೆ ಮುಗಿಯುವಷ್ಟರಲ್ಲಿ ಅದನ್ನು ಹಾಕಿಯೇ ತೀರಿದರು. ಆಮೇಲೆ ಆ ಪೆಟ್ಟಿಗೆ ಒಂದು ಕಡತ ತೆರೆಯುವಷ್ಟರಲ್ಲಿ ಒಂದು ಮುದ್ದೆ ಉಂಡು ಕೈ ತೊಳೆಯಬಹುದಿತ್ತಂತೆ. ಆದರೂ ಓಡಿತು.

ಇಂಗ್ಲಿಷ್ ಅವರಿಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ನಿಂತಿದ್ದೇ ಅದರಲ್ಲಿ. ಪರದೆಯ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ ಬರಹ ಎಲ್ಲಿದೆ, ಎಷ್ಟು ಸಾಲಿದೆ ಎಂದು ನೋಡಿ ಮುಂದಿನ ಗುಂಡಿ ಒತ್ತುತ್ತಿದ್ದರು. ಹೊಸ ಮಾತು ಬಂದರೆ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ನನ್ನ ಹತ್ತಿರ ಬರುವರು. ಒಮ್ಮೆ ಹಾಗೆ ಬಂದಾಗ ಅಂಗೈಯಲ್ಲಿ ಮೂರು ಮಾತಿದ್ದವು: ಅಬಾರ್ಟ್, ರಿಟ್ರೈ, ಇಗ್ನೋರ್. ಕೈಬಿಡು, ಮತ್ತೆ ಮಾಡು, ಕಂಡೂ ಕಾಣದ ಹಾಗಿರು ಎಂದೆ. ಬೋರಣ್ಣ ತುಂಬ ಹೊತ್ತು ನಕ್ಕರು. "ನಮ್ಮೂರ್ ಪಂಚಾಯ್ತೀಲೂ ಇವೇ ಮೂರು ಕಣವ್ವ" ಎಂದರು.

ನನ್ನ ವಿಷಯವನ್ನೂ ಹೇಳಬೇಕು. ನಾನು ಏಳು ತಿಂಗಳಿಗೆ ಹುಟ್ಟಿದವಳ ಹಾಗೆ ಆಡುವವಳು. ಹಾಲು ಉಕ್ಕುವ ತನಕ ಒಲೆ ಮುಂದೆ ನಿಂತವಳಲ್ಲ. ಕನಕಪುರದಲ್ಲಿ ಅಪ್ಪ ಹೈಸ್ಕೂಲಿನ ಗುಮಾಸ್ತರು. ನನ್ನನ್ನು ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿಸಿದಾಗ ನಮ್ಮ ಸೋದರತ್ತೆ, "ಓದಿ ಏನು, ಗ್ಯಾರೇಜ್ ಇಡ್ತಾಳಾ?" ಎಂದು ಮದುವೆಮನೆಯ ಪಂಕ್ತಿಯಲ್ಲೇ ಕೇಳಿದ್ದರು. ಅಪ್ಪ ಎಲೆಯ ಮೇಲಿಂದ ತಲೆ ಎತ್ತಲಿಲ್ಲ. ಅದಕ್ಕೇ ನನಗೆ ಈ ಕೆಲಸ ಸಿಕ್ಕಾಗ ಅವರು ಅತ್ತೆಯ ಮನೆಗೆ ತಾವೇ ಹೋಗಿ ಸಿಹಿ ಕೊಟ್ಟು ಬಂದರು.

ಕೆಲಸ ಅಳತೆ ಕೋಣೆಯಲ್ಲಿ. ಫ್ಯಾಕ್ಟರಿಯಲ್ಲಿ ಮಾಡಿದ ಬಿಡಿಭಾಗಗಳು ಸರಿಯಾದ ಅಳತೆಗೆ ಬಂದಿವೆಯೇ ಎಂದು ನೋಡುವ ಕೋಣೆ ಅದು. ಕಲ್ಲಿನ ಮೇಜಿನ ಮೇಲೆ ಒಂದು ಯಂತ್ರ. ಅದರ ತೋಳಿನ ತುದಿಗೆ ಸಾಸಿವೆ ಕಾಳಿನಷ್ಟು ಕೆಂಪು ಹರಳು. ಆ ಹರಳು ವಸ್ತುವನ್ನು ಮುಟ್ಟಿದ ಕಡೆಯೆಲ್ಲ ಪಕ್ಕದ ಕಂಪ್ಯೂಟರಿನಲ್ಲಿ ಅಂಕಿ ಮೂಡುತ್ತದೆ. ನಾವು ನಾಲ್ಕು ಜನ ಹುಡುಗಿಯರು ಅದನ್ನು ನಡೆಸುತ್ತಿದ್ದೆವು. ನಾಲ್ವರಲ್ಲಿ ಒಬ್ಬರೂ ಕಾಯಂ ಅಲ್ಲ.

ಒಂದು ಸೋಮವಾರ ಬೆಳಿಗ್ಗೆ ಕರೆಂಟು ಹೋಗಿ, ಬಂದು, ಮತ್ತೆ ಹೋಗುವಷ್ಟರಲ್ಲಿ ಆ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಬೋರಣ್ಣ ಕಾಲು ತೊಳೆದು ಬಂದು, ಅದರ ಬೆನ್ನಿಗೆ ಮೂಗು ಹಚ್ಚಿ ಮೂಸಿ, "ಹೋಯ್ತು ಕಣವ್ವ ಇದು" ಎಂದರು. ಯಂತ್ರಕ್ಕೆ ಏನೂ ಆಗಿರಲಿಲ್ಲ. ಹೊಸ ಕಂಪ್ಯೂಟರೂ ಬಂತು. ತೊಂದರೆ ಬೇರೆ ಕಡೆ ಇತ್ತು. ಅಳತೆಯ ಪ್ರೋಗ್ರಾಂ ಓಡುವುದು ಹಳೆಯ ಆಪರೇಟಿಂಗ್ ಸಿಸ್ಟಮಿನ ಮೇಲೆ ಮಾತ್ರ. ಆ ಹಳೆಯದು ಹೊಸ ಕಂಪ್ಯೂಟರನ್ನು ಒಪ್ಪಲೊಲ್ಲದು. ಅರ್ಧ ಕೂರುತ್ತದೆ, ನೀಲಿ ಪರದೆ ತೋರಿಸಿ ಸಾಯುತ್ತದೆ. ಬೆಂಗಳೂರಿಂದ ಕರೆಸಿದ ಇಬ್ಬರು ಹುಡುಗರು ಎರಡು ಸಲ ಬಂದು ಹೋದರು. ಮೂರನೇ ಸಲ ಬಂದಾಗ, ಹೊಸ ಕಂಪ್ಯೂಟರಿನ ಒಳಗೇ ವರ್ಚುವಲ್ ಮಷೀನ್ ಎಂಬ ಒಂದು ಸುಳ್ಳು ಕಂಪ್ಯೂಟರ್ ಮಾಡಿ, ಅದರೊಳಗೆ ಹಳೆಯದನ್ನು ಹಾಕಲು ನೋಡಿದರು. ಅದೂ ಅರ್ಧಕ್ಕೆ ನಿಂತಿತು. ಹತ್ತು ನಿಮಿಷ ಕಾದು, ಗುಂಡಿ ಒತ್ತಿ ಮೊದಲಿನಿಂದ ಶುರು ಮಾಡಿದರು. ಮತ್ತೆ ನಿಂತಿತು, ಮತ್ತೆ ಒತ್ತಿದರು. ಸಂಜೆ ನಮ್ಮ ಮ್ಯಾನೇಜರ್ ಪ್ರಭಾಕರ್ ಅವರಿಗೆ, ಇದಕ್ಕೆ ಸಪೋರ್ಟ್ ಇಲ್ಲ ಎಂದು ಹೇಳಿ ಬ್ಯಾಗು ಏರಿಸಿ ಹೊರಟರು.

ಮರುದಿನ ಪ್ರಭಾಕರ್ ನಮ್ಮ ನಾಲ್ವರನ್ನೂ ಕರೆದರು. ಕೆಟ್ಟ ಮನುಷ್ಯನಲ್ಲ, ಆದರೆ ಕೆಟ್ಟ ಸುದ್ದಿಯನ್ನು ಪೇಪರ್ ಓದಿದ ಹಾಗೆ ಹೇಳುವವರು. ಸೋಮವಾರ ಎಂಟು ಗಂಟೆಗೆ ಲಾರಿ ಬರುತ್ತದೆ, ಮಾಲು ಅಳತೆಗೆ ಹೊರಗೆ ಹೋಗುತ್ತದೆ, ಇನ್ನು ಮೇಲೆ ಎಲ್ಲ ಅಲ್ಲೇ. ಅಳತೆ ಕೋಣೆ ಮುಚ್ಚುತ್ತೇವೆ. ನಿಮ್ಮ ಹೆಸರು ಬರೆದಿಟ್ಟುಕೊಂಡಿರುತ್ತೇನೆ, ಮುಂದೆ ಬೇಕಾದರೆ ಕರೆಯುತ್ತೇನೆ. ಇಷ್ಟೇ. ನನಗೆ ಕಣ್ಣ ಮುಂದೆ ಬಂದದ್ದು ಅಪ್ಪ ಅತ್ತೆಯ ಮನೆಗೆ ಕೊಟ್ಟ ಸಿಹಿಯ ಪೊಟ್ಟಣ.

ಬಾಗಿಲಲ್ಲಿ ಟ್ಯೂಬ್‌ಲೈಟ್ ಹಿಡಿದು ನಿಂತಿದ್ದ ಬೋರಣ್ಣ ಎಲ್ಲ ಕೇಳಿಸಿಕೊಂಡಿದ್ದರು. "ಸಾರ್, ಭಾನ್ವಾರ ಒಂದಿನ ನಂಗ್ ಕೊಡಿ" ಎಂದರು.

"ಇಂಜಿನಿಯರುಗಳೇ ಆಗಲ್ಲ ಅಂದರಲ್ಲ ಬೋರೇಗೌಡ್ರೆ."

"ಅವ್ರ್ಗೆ ಪುರುಸೊತ್ತಿರ್ಲಿಲ್ಲ ಸಾರ್. ನಂಗೈತೆ. ಭಾನ್ವಾರ ಮನೇಲಿ ಹುಳ ಜ್ವರಕ್ಕೆ ಕೂರ್ತವೆ, ಸೊಪ್ಪು ಹಾಕಂಗಿಲ್ಲ. ಬತ್ತೀನಿ."

ಪ್ರಭಾಕರ್ ಅವರಿಗೆ ಅರ್ಥವಾಗಲಿಲ್ಲ, ಆದರೆ ಕಳೆದುಕೊಳ್ಳುವುದೇನಿಲ್ಲ ಎಂದು ಒಪ್ಪಿದರು. ಭಾನುವಾರ ನಾನೂ ಹೋದೆ. ಇಂಗ್ಲಿಷ್ ಓದಲು ಒಬ್ಬರು ಬೇಕಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಕಾಲು ತೊಳೆದೆವು. ಆ ಹುಡುಗರು ಮಾಡಿಟ್ಟು ಹೋಗಿದ್ದ ಸುಳ್ಳು ಕಂಪ್ಯೂಟರನ್ನು ಬೋರಣ್ಣ ಅಳಿಸಿ ಹೊಸದಾಗಿ ಮಾಡಿದರು. ನನಗೆ ಅದು ಏನೆಂದು ಸರಿಯಾಗಿ ತಿಳಿದಿರಲಿಲ್ಲ, ಕೇಳಿದೆ.

"ಎಮ್ಮೆ ಕರ ಸತ್ರೆ ಏನ್ ಮಾಡ್ತೀವವ್ವ? ಅದ್ರ ಚರ್ಮುಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಸಲ್ವಾ? ಎಮ್ಮೆ ಮೂಸ್ತದೆ, ನೆಕ್ತದೆ, ನನ್ ಕರಾನೇ ಅಂದ್ಕಂಡು ಹಾಲು ಬುಡ್ತದೆ. ಇದೂ ಅಷ್ಟೇಯ. ಹಳೇ ಸಿಸ್ಟಮ್ಗೆ ಹಳೇ ಪೆಟ್ಗೆ ಬೇಕು. ಅದೆಲ್ಲೈತೆ? ಸುಟ್ಟೋಯ್ತು. ಹುಲ್ಲು ತುಂಬಿ ನಿಲ್ಸಾನ."

ಸಿಡಿ ಹಾಕಿದೆವು. ಕಾಲು ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಪರದೆಯ ಕೆಳಗೆ ತುಂಬುತ್ತಿದ್ದ ಪಟ್ಟಿ ನಿಂತಿತು. ಮೌಸ್ ಆಡಿಸಿದರೂ ಬಾಣ ಅಲುಗಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ನನ್ನ ಕೈ ತಾನಾಗಿ ಗುಂಡಿಯ ಕಡೆ ಹೋಯಿತು.

"ಒಸಿ ತಡಿ" ಎಂದರು ಬೋರಣ್ಣ.

ಇದು ಅವರ ಮಾತು. ಬಸ್ಸಿಗೆ ಓಡುವವರಿಗೂ ಹೇಳುವರು, ಬೈಯಲು ಬಾಯಿ ತೆರೆದವರಿಗೂ ಹೇಳುವರು. ಆ ದಿನ ಅದರ ಜೊತೆ ಪೂರ್ತಿ ಪಾಠವೇ ಬಂತು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಸತ್ತ ಹಾಗೆ ಕೂತುಬಿಡುತ್ತದೆ. ಅದನ್ನೇ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಹೊಸಬರು ಹೆದರಿ ಮುಟ್ಟಿ ನೋಡುತ್ತಾರೆ, ಹುಳು ಕೆಡುತ್ತದೆ.

"ಸತ್ತೈತಾ ಕೂತೈತಾ ಅಂತ ಎಂಗ್ ಗೊತ್ತಾಯ್ತದೆ?" ಎಂದು ನಾನು ಅವರದೇ ಧಾಟಿಯಲ್ಲಿ ಕೇಳಿದೆ. ಸಿಟ್ಟು ಬಂದಿತ್ತು.

"ಸತ್ತಿದ್ದು ತಲೆ ಹಾಕಿರ್ತದೆ. ಕೂತಿದ್ದು ತಲೆ ಎತ್ತಿರ್ತದೆ. ಅಲ್ನೋಡು" ಎಂದು ಕಂಪ್ಯೂಟರಿನ ಮುಖದ ಮೇಲಿದ್ದ ಸಣ್ಣ ಕೆಂಪು ದೀಪ ತೋರಿಸಿದರು. ಒಳಗೆ ಡಿಸ್ಕು ಕೆಲಸ ಮಾಡಿದಾಗ ಮಿನುಗುವ ದೀಪ. ನೋಡುತ್ತ ಕೂತೆ. ತುಂಬ ಹೊತ್ತಿನ ಮೇಲೆ ಒಂದು ಸಲ ಮಿನುಗಿತು. "ಆ ಹುಡುಗ್ರು ಬಂದಾಗ್ಲೂ ಹಿಂಗೇ ಮಿಣುಕ್ತಿತ್ತು. ನಾನು ಟಾರ್ಚ್ ಹಿಡ್ಕಂಡು ನಿಂತಿದ್ನಲ್ಲ, ನೋಡ್ತಿದ್ದೆ. ಬದುಕಿರೋದ್ನ ಮೂರ್ ಸಲ ಸಾಯಿಸ್ಬುಟ್ರು."

ಆಗಲೇ ಹೇಳಬಹುದಿತ್ತಲ್ಲ ಎಂದೆ. "ಹೇಳ್ದೆ. ಗೌಡ್ರೆ ಟಾರ್ಚ್ ಸರ್ಯಾಗಿಡೀರಿ ಅಂದ್ರು" ಎಂದರು.

ಮೊದಲನೇ ಜ್ವರ ಇಪ್ಪತ್ತು ನಿಮಿಷಕ್ಕೆ ಬಿಟ್ಟಿತು. ಎರಡನೆಯದು ಅರ್ಧ ಗಂಟೆ. ಮೂರನೆಯದರಲ್ಲಿ ನಾವು ಬುತ್ತಿ ಬಿಚ್ಚಿ ಬಸ್ಸಾರು ಮುದ್ದೆ ಮುಗಿಸಿದೆವು. ಎರಡು ಗಂಟೆಯ ಹೊತ್ತಿಗೆ ನಾಲ್ಕನೇ ಸಲ ನಿಂತಿತು. ಸುಳ್ಳು ಕಂಪ್ಯೂಟರಿನಲ್ಲಿ ಇಲ್ಲದ ಸಾಮಾನನ್ನೆಲ್ಲ ಇದೆಯೇ ಎಂದು ಹಳೆಯ ಸಿಸ್ಟಮ್ ಹುಡುಕುವ ಘಟ್ಟ ಅದು. ಬೋರಣ್ಣ ಗೋಣಿತಾಟು ಎತ್ತಿಕೊಂಡು ಹೊರಗಿನ ಓಣಿಯಲ್ಲಿ ಹಾಸಿದರು. "ನಾಕ್ನೇದು ದೊಡ್ಡ ಜ್ವರ. ಹುಳ ಕೂತಾಗ ಸಾಕೋರೂ ಒಸಿ ಮಲಿಕಬೇಕು, ಎದ್ಮೇಲೆ ಪುರುಸೊತ್ತು ಸಿಕ್ಕಕ್ಕಿಲ್ಲ. ನೀನು ಮುಟ್ಬ್ಯಾಡ" ಎಂದು ಹೇಳಿ ಮಲಗಿದರು. ಎರಡು ನಿಮಿಷದಲ್ಲಿ ಗೊರಕೆ ಕೇಳಿಸಿತು.

ಆ ಒಂದೂವರೆ ಗಂಟೆಯನ್ನು ನಾನು ಮರೆತಿಲ್ಲ. ಎಷ್ಟೋ ಹೊತ್ತು ಕೆಂಪು ದೀಪ ಮಿನುಗಲೇ ಇಲ್ಲ. ಸತ್ತಿದೆ, ಈ ಮುದುಕನ ಮಾತು ಕೇಳಿ ಇಡೀ ದಿನ ಹಾಳು ಮಾಡಿದೆ, ಈಗ ಮೊದಲಿನಿಂದ ಶುರು ಮಾಡಿದರೂ ಬೆಳಗಿನೊಳಗೆ ಮುಗಿಯಬಹುದು ಎಂದೆಲ್ಲ ಅನಿಸಿತು. ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ, ಇಟ್ಟೆ ಅಷ್ಟೆ. ಕಣ್ಣಲ್ಲಿ ನೀರು ಬಂದಿತ್ತು. ಆಗ ದೀಪ ಮಿನುಗಿತು. ಬೆರಳು ತೆಗೆದು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಮೂರೂವರೆಗೆ ಪ್ರಭಾಕರ್ ಬಂದರು. ಓಣಿಯಲ್ಲಿ ಮಲಗಿದ್ದ ಬೋರಣ್ಣನನ್ನು ದಾಟಿ, ಅಲುಗದೆ ನಿಂತ ಪರದೆಯನ್ನು ಬಾಗಿಲಿನಿಂದಲೇ ನೋಡಿದರು.

"ಹ್ಯಾಂಗ್ ಆಗಿದೆಯಲ್ಲಮ್ಮ. ಓನರ್ ಫೋನ್ ಮಾಡಿದ್ರು. ಸಾಕು, ಆಫ್ ಮಾಡಿ ಬೀಗ ಹಾಕೋಣ" ಎಂದು ಒಳಗೆ ಕಾಲಿಡಹೊರಟರು.

ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು. "ಸಾರ್, ಕಾಲು ತೊಳ್ಕೊಂಡು ಬನ್ನಿ."

"ಏನು?"

"ಕಾಲು ತೊಳೀದೆ ಒಳಗೆ ಬರೋ ಹಾಗಿಲ್ಲ ಸಾರ್. ಕ್ಯಾಂಟೀನ್ ಪಕ್ಕ ನಲ್ಲಿ ಇದೆ."

ನನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ, ಇಂದಿಗೂ ಗೊತ್ತಿಲ್ಲ. ತಿರುಗಿ ನಲ್ಲಿಯ ಕಡೆ ನಡೆದರು. ಅವರದು ಲೇಸಿನ ಬೂಟು. ಬಿಚ್ಚಬೇಕು, ಸಾಕ್ಸು ತೆಗೆಯಬೇಕು, ಪ್ಯಾಂಟು ಮಡಚಬೇಕು. ನಾನು ಓಡಿಬಂದು ಪರದೆಯ ಮುಂದೆ ಕೂತೆ. ಮನೆದೇವರನ್ನೆಲ್ಲ ನೆನೆದೆ. ದೀಪ ಒಂದು ಸಲ ಮಿನುಗಿತು. ಇನ್ನೊಂದು ಸಲ. ಆಮೇಲೆ ಬಿಡುವಿಲ್ಲದೆ ಮಿನುಗತೊಡಗಿತು, ಪಟ್ಟಿ ಸರಸರನೆ ತುಂಬಿತು, ಪರದೆ ಬದಲಾಗಿ ಒಂದು ಪ್ರಶ್ನೆ ಬಂತು: ನಿಮ್ಮ ಹೆಸರೇನು, ನಿಮ್ಮ ಸಂಸ್ಥೆ ಯಾವುದು?

ಫ್ಯಾಕ್ಟರಿಯ ಹೆಸರು ಹಾಕಬೇಕಿತ್ತು. ನಾನು ಓಣಿಯ ಕಡೆ ನೋಡಿದೆ. ಬಾಯಿ ತೆರೆದು ಮಲಗಿದ್ದರು, ಪಾದಗಳು ಸ್ವಚ್ಛವಾಗಿದ್ದವು. ಹೆಸರಿನ ಜಾಗದಲ್ಲಿ ಬೋರೇಗೌಡ ಎಂದೂ ಸಂಸ್ಥೆಯ ಜಾಗದಲ್ಲಿ ಹೊಂಗನೂರು ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಮುಂದಕ್ಕೆ ಒತ್ತಿಬಿಟ್ಟೆ.

ಪ್ರಭಾಕರ್ ಬೂಟು ಕೈಯಲ್ಲಿ ಹಿಡಿದು, ಒದ್ದೆ ಕಾಲಲ್ಲಿ ಬರುವಷ್ಟರಲ್ಲಿ ಹಳೆಯ ಸಿಸ್ಟಮ್ ಶುರುವಾಗುವ ಸಂಗೀತ ಕೇಳಿಸಿತು. ಅದಕ್ಕೇ ಬೋರಣ್ಣನಿಗೂ ಎಚ್ಚರವಾಯಿತು. ಎದ್ದು ಹೋಗಿ ಮತ್ತೊಮ್ಮೆ ಕಾಲು ತೊಳೆದು ಬಂದರು. ಅಳತೆಯ ಪ್ರೋಗ್ರಾಂ ಹಾಕಿದರು. ಯಂತ್ರದಿಂದ ಬರುವ ನಿಜವಾದ ಕೇಬಲ್ಲನ್ನು ಸುಳ್ಳು ಕಂಪ್ಯೂಟರಿಗೆ ತೋರಿಸಿಕೊಟ್ಟರು. ಕಲ್ಲಿನ ಮೇಜಿನ ಮೇಲೆ, ಅಳತೆ ಮೊದಲೇ ಗೊತ್ತಿರುವ ಒಂದು ಉಕ್ಕಿನ ಗುಂಡು ಇರುತ್ತದೆ, ಯಂತ್ರ ಸರಿಯಿದೆಯೇ ಎಂದು ನೋಡಲು. "ನೀನೇ ಮುಟ್ಸವ್ವ" ಎಂದರು. ಕೆಂಪು ಹರಳನ್ನು ಇಳಿಸಿದೆ. ಟಿಕ್ ಅಂದಿತು. ಸುತ್ತಲೂ ಮುಟ್ಟಿಸಿದೆ. ಪರದೆಯ ಮೇಲೆ ಅಂಕಿ ಬಂತು. ಗುಂಡಿನ ಜೊತೆಗಿದ್ದ ಪ್ರಮಾಣಪತ್ರ ತೆಗೆದು ಪ್ರಭಾಕರ್ ಒಂದೊಂದೇ ಅಂಕಿ ಹೋಲಿಸಿದರು. ಕೊನೆಯ ಅಂಕಿಯ ತನಕ ಒಂದೇ.

ಪ್ರಭಾಕರ್ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬರಿಗಾಲಲ್ಲಿ ನಿಂತೇ ಫೋನ್ ತೆಗೆದು, ನಾಳೆ ಲಾರಿ ಬೇಡ ಎಂದರು. ಬೋರಣ್ಣ ನನ್ನ ಕಡೆ ತಿರುಗಿದರು.

"ನಾಕ್ನೇ ಜ್ವರ ಎದ್ದೈತೆ. ಇನ್ ಹೊಟ್ಟೆ ಹಸ್ದಿರ್ತದೆ. ಸೊಪ್ಪು ಹಾಕವ್ವ."

ಬಿಡಿಭಾಗಗಳ ಮೊದಲ ಟ್ರೇ ತಂದು ಮೇಜಿನ ಮೇಲಿಟ್ಟೆ. ಸೂರ್ಯ ಮುಳುಗುವ ತನಕ ಅಳೆದೆ. ಅಷ್ಟು ಸಂತೋಷ ನನಗೆ ಆಮೇಲೆ ಮದುವೆಯ ದಿನವೂ ಆಗಲಿಲ್ಲ. ಇದನ್ನು ಯಜಮಾನರಿಗೂ ಹೇಳಿದ್ದೇನೆ.

ಕೋಣೆ ಮುಚ್ಚಲಿಲ್ಲ. ಆ ವರ್ಷವೇ ನಾವು ನಾಲ್ವರೂ ಕಾಯಂ ಆದೆವು. ಆ ಸುಳ್ಳು ಕಂಪ್ಯೂಟರನ್ನು ಒಂದು ಕಡತದ ಹಾಗೆ ಎತ್ತಿ ಇನ್ನೊಂದು ನಿಜವಾದ ಕಂಪ್ಯೂಟರಿನೊಳಗೆ ಇಡಬಹುದು. ಈಗ ಅದು ಇರುವುದು ನಾಲ್ಕನೇ ಕಂಪ್ಯೂಟರಿನಲ್ಲಿ. ಬೋರಣ್ಣ ನಿವೃತ್ತರಾಗಿ ಊರು ಸೇರಿದರು. ಆ ಕೋಣೆ ನನ್ನ ಉಸ್ತುವಾರಿಗೆ ಬಂದ ಮೇಲೆ ಒಂದು ದಿನ ಹೊಂಗನೂರಿಗೆ ಹೋಗಿದ್ದೆ. ಯಾರೂ ಹೇಳುವ ಮೊದಲೇ ತೊಟ್ಟಿಯ ಹತ್ತಿರ ಕಾಲು ತೊಳೆದೆ. "ನೋಡ್ದಾ ಇವ್ಳ?" ಎಂದು ಬೋರಣ್ಣ ಹೆಂಡತಿಯ ಮುಂದೆ ಹೆಮ್ಮೆಪಟ್ಟರು. ಒಳಗೆ ಹುಳು ಜ್ವರಕ್ಕೆ ಕೂತಿದ್ದವು, ಅದಕ್ಕೆ ಜಗಲಿಯ ಮೇಲೆ ಕೂತು ಮೆಲ್ಲಗೆ ಮಾತಾಡಿದೆವು. ಹೊರಡುವಾಗ ಧೈರ್ಯ ಮಾಡಿ ಹೇಳಿದೆ: ಅವತ್ತು ನಿಮ್ಮ ಹೆಸರು ಹಾಕಿದ್ದೆ ಬೋರಣ್ಣ.

"ಗೊತ್ತು ಕಣವ್ವ. ನನ್ನೆಸ್ರು ಓದಕ್ಕೆ ಎಷ್ಟ್ ಇಂಗ್ಲಿಷ್ ಬೇಕು?" ಎಂದರು. "ಅಳಿಸ್ಬುಡಾನ ಅಂದ್ಕಂಡೆ. ಒಸಿ ತಡಿ ಅಂತ ಸುಮ್ಕಾದೆ."

ಹೋದ ಮಾಗಿಯಲ್ಲಿ ಬೋರಣ್ಣ ಹೋಗಿಬಿಟ್ಟರು. ಮಣ್ಣು ಮಾಡಿ ಬಂದು, ಮರುದಿನ ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನು? ನಲ್ಲಿಯಲ್ಲಿ ಕಾಲು ತೊಳೆದು, ಗೋಣಿತಾಟಿಗೆ ಒರೆಸಿ, ಯಂತ್ರ ಚಾಲೂ ಮಾಡಿದೆ. ಅಳತೆಯ ಪ್ರೋಗ್ರಾಂ ತೆರೆಯುವಾಗ ಮೊದಲು, ಸಿಸ್ಟಮಿಗೆ ಅವತ್ತು ಕೊಟ್ಟ ಹೆಸರನ್ನೇ ಎತ್ತಿಕೊಂಡು, ತಾನು ಯಾರ ಹೆಸರಿನಲ್ಲಿದ್ದೇನೆಂದು ತೋರಿಸುತ್ತದೆ. ಬೋರೇಗೌಡ, ಹೊಂಗನೂರು. ವಾರದ ಹಿಂದೆ ಸೇರಿದ್ದ ಹುಡುಗಿ ಪಕ್ಕದಲ್ಲಿ ನಿಂತು ಓದಿದಳು.

"ಇವರ್ಯಾರು ಮೇಡಂ, ನಮ್ಮ ಓನರಾ?"

"ಹೌದು" ಎಂದೆ.